ಒಂದು ರೂಪಾಯಿಯ ವಿಮಾನ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಶ್ರೀರಂಗಪಟ್ಟಣ ಇನ್ನೇನು ಬಂದಿತು ಎನ್ನುವಾಗ ಬಾಬುರಾಯನಕೊಪ್ಪಲು ಸಿಗುತ್ತದೆ. ಅಲ್ಲಿ ನೀವು ಬಸ್ಸಿಗಾಗಿ ಕಾದು ನಿಂತಿದ್ದೀರಿ ಎಂದು ಇಟ್ಟುಕೊಳ್ಳೋಣ. ಈ ಸೀಮೆಯ ಖಾಸಗಿ ಬಸ್ಸುಗಳನ್ನು ಹತ್ತಿದವರಿಗೆ ಕಂಡಕ್ಟರನ ಆತುರ ಚೆನ್ನಾಗಿ ಗೊತ್ತು. ಬಾಗಿಲಲ್ಲಿ ನಿಂತು ಊರಿನ ಹೆಸರನ್ನು ಕೂಗುತ್ತಾನೆ. ದೂರದಲ್ಲಿ ಯಾರಾದರೂ ಕೈ ಎತ್ತಿದರೆ ಸೀಟಿ ಊದಿ ಬಸ್ಸು ನಿಲ್ಲಿಸುತ್ತಾನೆ. ಒಳಗೆ ಕುಳಿತವರನ್ನು “ಸ್ವಲ್ಪ ಒತ್ತಿಕೊಳ್ಳಿ ಸ್ವಾಮಿ” ಎನ್ನುತ್ತಾನೆ. ಇಷ್ಟೆಲ್ಲ ಏಕೆ? ಖಾಲಿ ಸೀಟಿನೊಡನೆ ಬಸ್ಸು ಹೊರಟರೆ ಆ ಸೀಟಿನ ಹಣ ಹೋಯಿತೆಂದೇ ಲೆಕ್ಕ. ಮಾರದೆ ಉಳಿದ ಬೆಲ್ಲವನ್ನು ನಾಳೆಯ ಸಂತೆಗೆ ಒಯ್ಯಬಹುದು. ಇಂದಿನ ಖಾಲಿ ಸೀಟನ್ನು ನಾಳೆ ಮಾರುವ ಉಪಾಯವಿಲ್ಲ.

ಬಸ್ಸಿನ ಈ ಸರಳವಾದ ಲೆಕ್ಕವನ್ನೇ ಆಕಾಶಕ್ಕೆ ಏರಿಸಲು ನಮ್ಮ ನಾಡಿನವರೊಬ್ಬರು ಹೊರಟರು. ಅವರ ಸಂಸ್ಥೆ 2003ರಲ್ಲಿ ಹುಟ್ಟಿ, ಐದು ವರ್ಷ ತುಂಬುವ ಹೊತ್ತಿಗೆ ಹೆಸರನ್ನೂ ಒಡೆತನವನ್ನೂ ಕಳೆದುಕೊಂಡಿತು. ಅದರ ಹೆಸರು ಏರ್ ಡೆಕ್ಕನ್. ಅದು ಏಕೆ ಅಷ್ಟು ಬೇಗ ಬೆಳೆಯಿತು, ಏಕೆ ಅಷ್ಟು ಬೇಗ ಮುಗಿಯಿತು ಎಂಬುದನ್ನು ತಿಳಿಯುವುದು ಇಂದು ವಿಮಾನದ ಚೀಟಿ ಕೊಳ್ಳುವ ಪ್ರತಿಯೊಬ್ಬರಿಗೂ ಉಪಯೋಗದ ಸಂಗತಿ.

ಮೊದಲು ಹಿನ್ನೆಲೆಯನ್ನು ನೋಡೋಣ. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ಹಲವು ಖಾಸಗಿ ವಿಮಾನ ಕಂಪನಿಗಳಿದ್ದುವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವುಗಳಲ್ಲಿ ಒಂದು. 1953ರ ಕಾನೂನಿನಿಂದ ಸರ್ಕಾರ ಇವೆಲ್ಲವನ್ನೂ ವಹಿಸಿಕೊಂಡಿತು. ದೇಶದೊಳಗಿನ ಸಂಚಾರ ಇಂಡಿಯನ್ ಏರ್‌ಲೈನ್ಸ್ ಪಾಲಿಗೆ ಬಂದಿತು, ಹೊರದೇಶದ ಸಂಚಾರ ಏರ್ ಇಂಡಿಯಾದ ಪಾಲಿಗೆ ಹೋಯಿತು. ಆ ಕಾನೂನು ರದ್ದಾದದ್ದು 1994ರಲ್ಲಿ. ಆ ಸುಮಾರಿಗೆ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಮೊದಲಾದ ಹೊಸ ಕಂಪನಿಗಳು ಹುಟ್ಟಿದುವು. ಆ ದಶಕ ಮುಗಿಯುವುದರೊಳಗೆ ಅವು ಮುಚ್ಚಿಯೂ ಹೋದುವು. ವಿಮಾನವೆಂದರೆ ಅಧಿಕಾರಿಗಳಿಗೆ, ದೊಡ್ಡ ವರ್ತಕರಿಗೆ, ವಿದೇಶದಿಂದ ಬಂದವರಿಗೆ ಎಂಬ ಭಾವನೆ ಮಾತ್ರ ಹಾಗೆಯೇ ಉಳಿಯಿತು.

ಈ ಭಾವನೆಯನ್ನು ಅಲುಗಾಡಿಸಿದವರು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಇವರು ಹಾಸನ ಜಿಲ್ಲೆಯ ಗೊರೂರಿನವರು. ಗೊರೂರು ಮಂಡ್ಯ ಸೀಮೆಯವರಿಗೆ ಹೊರಗಿನ ಊರಲ್ಲ. ಅಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಹೇಮಾವತಿಯ ನೀರು ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ನಾಲೆಯಲ್ಲಿ ಹರಿಯುತ್ತದೆ. ಉಳಿದದ್ದು ಕಾವೇರಿಯನ್ನು ಕೂಡಿ ಕೃಷ್ಣರಾಜಸಾಗರವನ್ನು ಸೇರುತ್ತದೆ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಜಮೀನುಗಳಲ್ಲಿ ಗೋಪಿನಾಥರ ಮನೆತನದ ಜಮೀನೂ ಒಂದು. ಸೈನ್ಯದಲ್ಲಿ ಸೇವೆ ಮಾಡಿ, 1971ರ ಯುದ್ಧವನ್ನು ಕಂಡು, ಹರೆಯದಲ್ಲಿಯೇ ಕೆಲಸ ಬಿಟ್ಟು ಬಂದ ಅವರು ಬದಲಿಗೆ ದೊರೆತ ಜಾವಗಲ್ಲಿನ ಬರಡು ನೆಲದಲ್ಲಿ ಬೇಸಾಯಕ್ಕೆ ನಿಂತರು. ರಾಸಾಯನಿಕಗಳ ಹಂಗಿಲ್ಲದೆ ರೇಷ್ಮೆ ಬೆಳೆದುದಕ್ಕಾಗಿ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಅವರಿಗೆ ಬಂದಿತು. ಆಮೇಲೆ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮುಯೆಲ್ ಅವರೊಡನೆ ಸೇರಿ, ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಒದಗಿಸುವ ಡೆಕ್ಕನ್ ಏವಿಯೇಷನ್ ಕಂಪನಿಯನ್ನು ಕಟ್ಟಿದರು. ಏರ್ ಡೆಕ್ಕನ್ ಈ ಕಂಪನಿಯ ಕೂಸು.

2003ರ ಆಗಸ್ಟ್ ತಿಂಗಳಲ್ಲಿ ಸಂಚಾರ ಪ್ರಾರಂಭವಾಯಿತು. ಬೆಂಗಳೂರು–ಹುಬ್ಬಳ್ಳಿ ಮೊದಲ ಮಾರ್ಗಗಳಲ್ಲಿ ಒಂದು. ವಿಮಾನಗಳು ಚಿಕ್ಕವು; ರೆಕ್ಕೆಯ ಮುಂದೆ ಪಂಕ ತಿರುಗುವ ಎಟಿಆರ್ ಜಾತಿಯವು, 48 ಜನ ಕೂರತಕ್ಕವು. ಆ ಮೊದಲ ದಿನಗಳಲ್ಲಿಯೇ, ಹೈದರಾಬಾದಿನಿಂದ ವಿಜಯವಾಡಕ್ಕೆ ಗಣ್ಯರನ್ನು ಕೂರಿಸಿಕೊಂಡು ಹೊರಡಬೇಕಾಗಿದ್ದ ಉದ್ಘಾಟನೆಯ ವಿಮಾನದ ಎಂಜಿನ್ನಿಗೆ ನೆಲದ ಮೇಲೆಯೇ ಬೆಂಕಿ ಹತ್ತಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಬೇರೆ ವ್ಯಾಪಾರವಾಗಿದ್ದರೆ ಈ ಅಪಶಕುನಕ್ಕೇ ಅಂಗಡಿ ಮುಚ್ಚುತ್ತಿತ್ತೇನೋ, ಇಲ್ಲಿ ಹಾಗಾಗಲಿಲ್ಲ. ಜನ ಬಂದರು.

ಏಕೆ ಬಂದರು ಎಂದರೆ ದರಕ್ಕಾಗಿ. ಕೆಲವು ಸೀಟುಗಳಿಗೆ 500 ರೂಪಾಯಿ. ಮುಂದೆ ಪ್ರಚಾರಕ್ಕೆಂದು ಕೆಲವು ಸೀಟುಗಳನ್ನು ತೆರಿಗೆ, ಶುಲ್ಕಗಳ ಹೊರತು ಒಂದೇ ಒಂದು ರೂಪಾಯಿಗೆ ಮಾರಿದರು. ಒಂದು ರೂಪಾಯಿಯ ವಿಮಾನ ಎಂಬ ಮಾತು ಹೋಟೆಲಿನ ಮೇಜಿನಿಂದ ಮದುವೆಯ ಮನೆಯವರೆಗೆ ಹರಡಿತು. ವಿಮಾನದ ಗುರುತಿಗೆ ಆರಿಸಿಕೊಂಡದ್ದು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು ರಚಿಸಿದ ಶ್ರೀಸಾಮಾನ್ಯನ ಚಿತ್ರವನ್ನು. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕದ ಆ ಮುದುಕ ದಶಕಗಳ ಕಾಲ ಪತ್ರಿಕೆಯ ಮೂಲೆಯಲ್ಲಿ ನಿಂತು ದೊಡ್ಡವರ ಆಟವನ್ನು ಮಾತಿಲ್ಲದೆ ನೋಡಿದವನು. ಅವನಿಗೂ ಒಂದು ಸೀಟು ಸಿಕ್ಕಿತೆಂಬುದು ಕಂಪನಿಯ ಸಾರಾಂಶವಾಗಿದ್ದಿತು.

ಇಷ್ಟು ಕಡಮೆ ದರಕ್ಕೆ ಹಾರುವುದು ಹೇಗೆ? ವಿದ್ಯೆ ಅಮೆರಿಕದಿಂದ ಬಂದದ್ದು. ಟೆಕ್ಸಾಸ್ ಪ್ರಾಂತದಲ್ಲಿ 1971ರಲ್ಲಿ ಹಾರಾಟ ಪ್ರಾರಂಭಿಸಿದ ಸೌತ್‌ವೆಸ್ಟ್ ಸಂಸ್ಥೆ ಇದನ್ನು ಮಾಡಿ ತೋರಿಸಿತ್ತು. ಯೂರೋಪಿನಲ್ಲಿ ಐರ್ಲೆಂಡಿನ ರಯಾನ್‌ಏರ್ ಅದನ್ನೇ ಹಿಡಿದು ಬೆಳೆದಿತ್ತು. ಸೂತ್ರ ಇಷ್ಟೇ: ಪ್ರಯಾಣಿಕನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವುದಕ್ಕೆ ಅವಶ್ಯವಲ್ಲದ ಪ್ರತಿಯೊಂದು ಖರ್ಚನ್ನೂ ಕಿತ್ತುಹಾಕಬೇಕು. ಏರ್ ಡೆಕ್ಕನ್ನಿನಲ್ಲಿ ಊಟವಿಲ್ಲ. ನೀರು ಬೇಕಾದರೂ ಕೊಂಡು ಕುಡಿಯಬೇಕು. ಸೀಟಿಗೆ ಸಂಖ್ಯೆಯಿಲ್ಲ, ಬಸ್ಸಿನಲ್ಲಿ ಕುಳಿತಂತೆ ಸಿಕ್ಕಿದಲ್ಲಿ ಕೂರಬೇಕು. ದಲ್ಲಾಳಿಗಳ ಕಮಿಷನ್ನನ್ನು ಉಳಿಸಲು ಚೀಟಿಗಳನ್ನು ಇಂಟರ್‌ನೆಟ್ಟಿನಲ್ಲಿಯೂ ಟೆಲಿಫೋನಿನಲ್ಲಿಯೂ ಮಾರಿದರು. ಪೆಟ್ರೋಲು ಬಂಕುಗಳಲ್ಲಿ, ಅಂಚೆ ಕಚೇರಿಗಳಲ್ಲಿ ಕೂಡ ಇಟ್ಟರು. ವಿಮಾನದ ಮೈಮೇಲೆ ಜಾಹೀರಾತು ಬರೆಸಿ ಅದರಿಂದಲೂ ಹಣ ಪಡೆದರು. ಎಲ್ಲಕ್ಕಿಂತ ಮುಖ್ಯವಾದುದು, ಇಳಿದ ವಿಮಾನವನ್ನು ಅರ್ಧ ಗಂಟೆಯಲ್ಲಿ ಮತ್ತೆ ಹೊರಡಿಸುವುದು. ನೆಲದ ಮೇಲೆ ನಿಂತ ವಿಮಾನ ಬಾಡಿಗೆಯನ್ನು ತಿನ್ನುತ್ತದೆ, ಹಣ ತರುವುದಿಲ್ಲ.

ಇದರೊಡನೆ ಇನ್ನೊಂದು ಉಪಾಯವಿದೆ. ಅದನ್ನು ಒಂದು ಲೆಕ್ಕದಿಂದ ವಿವರಿಸುತ್ತೇನೆ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಯಾವ ಕಂಪನಿಯ ಪುಸ್ತಕದಿಂದಲೂ ತೆಗೆದವಲ್ಲ. 48 ಸೀಟುಗಳ ವಿಮಾನ ಒಮ್ಮೆ ಹೋಗಲು 96,000 ರೂಪಾಯಿ ಖರ್ಚು ಎಂದುಕೊಳ್ಳಿ. ಎಲ್ಲ ಸೀಟುಗಳೂ ತುಂಬಿದರೆ ತಲೆಗೆ 2,000 ಬೀಳುತ್ತದೆ. ತುಂಬಿದ್ದು 36 ಆದರೆ ತಲೆಗೆ ಸುಮಾರು 2,670. ಆ 36ರಲ್ಲಿ 10 ಜನರಿಗೆ 500ರಂತೆ ಕೊಟ್ಟರೆ ಬಂದದ್ದು 5,000 ಮಾತ್ರ. ಉಳಿದ 26 ಜನ ಸೇರಿ 91,000 ಕೊಡಬೇಕು, ಅಂದರೆ ತಲೆಗೆ 3,500. ಆದುದರಿಂದ ಅಗ್ಗದ ಚೀಟಿ ದಾನವಲ್ಲ. ತಿಂಗಳ ಮುಂಚೆ ಕೊಂಡವನಿಗೆ ಕಡಮೆ, ಹೊರಡುವ ಹಿಂದಿನ ದಿನ ಓಡಿಬಂದವನಿಗೆ ಹೆಚ್ಚು. ಇವೆರಡೂ ಕೂಡಿ ಖರ್ಚನ್ನು ತುಂಬಿದರೆ ವ್ಯಾಪಾರ ಉಳಿಯಿತು. ತುಂಬದಿದ್ದರೆ ಆ ಕೊರತೆಯನ್ನು ಬಂಡವಾಳ ಹಾಕಿದವರು ತೆರಬೇಕು. ಈ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಿ.

ಬೆಳವಣಿಗೆ ಬೆರಗು ಹುಟ್ಟಿಸುವಂತಿತ್ತು. 2004ರಲ್ಲಿ 180 ಜನ ಕೂರುವ ಏರ್‌ಬಸ್ ವಿಮಾನಗಳು ಬಂದುವು. ಬೆಂಗಳೂರು–ದೆಹಲಿಯಂಥ ದೂರದ ಮಾರ್ಗಗಳು ತೆರೆದುವು. ನಾಲ್ಕು ವರ್ಷಗಳಲ್ಲಿ ವಿಮಾನಗಳು 40ನ್ನು ದಾಟಿದುವು, ಊರುಗಳು 60ನ್ನು ಮೀರಿದುವು. ದಿನಕ್ಕೆ 300ಕ್ಕೂ ಹೆಚ್ಚು ಹಾರಾಟಗಳು ನಡೆದುವು. ಮಗನ ಸಂಬಳದಲ್ಲಿ ಕಾಶಿ ನೋಡಿ ಬಂದ ತಾಯಂದಿರು, ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯರು ವಿಮಾನದ ಮೆಟ್ಟಿಲನ್ನು ಮೊದಲ ಸಲ ತುಳಿದದ್ದು ಈ ಕಾಲದಲ್ಲಿ. ದೇಶದೊಳಗಿನ ವಿಮಾನ ಪ್ರಯಾಣಿಕರು 2003ರಲ್ಲಿ ಸುಮಾರು ಒಂದೂವರೆ ಕೋಟಿ. 2007ರಲ್ಲಿ ನಾಲ್ಕು ಕೋಟಿಯನ್ನು ಮೀರಿದರು. ಇದೆಲ್ಲ ಒಂದೇ ಕಂಪನಿಯ ಕೆಲಸವಲ್ಲ. ಆದರೆ ದಾರಿ ತೋರಿಸಿದ್ದು ಅದು.

ದಾರಿ ಕಂಡಮೇಲೆ ನಡೆಯುವವರು ಹಲವರು. 2005ರಲ್ಲಿ ಸ್ಪೈಸ್‌ಜೆಟ್, ಗೋಏರ್, ಮತ್ತು ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಹೊರಟುವು. 2006ರಲ್ಲಿ ಇಂಡಿಗೋ ಬಂದಿತು. ಒಂದೇ ಮಾರ್ಗದಲ್ಲಿ ನಾಲ್ಕಾರು ಬಸ್ಸುಗಳು ಒಂದರ ಹಿಂದೆ ಒಂದು ಬಂದರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಎಲ್ಲರೂ ದರ ಇಳಿಸಿದರು. ಖರ್ಚು ಇಳಿಯಲಿಲ್ಲ. ವಿಮಾನದ ಇಂಧನಕ್ಕೆ ನಮ್ಮ ರಾಜ್ಯ ಸರ್ಕಾರಗಳು ಹಾಕುತ್ತಿದ್ದ ಮಾರಾಟ ತೆರಿಗೆ ಭಾರವಾಗಿದ್ದಿತು. 2003ರಲ್ಲಿ ಪೀಪಾಯಿಗೆ ಸುಮಾರು 30 ಡಾಲರಿದ್ದ ಕಚ್ಚಾ ಎಣ್ಣೆ 2008ರ ಜುಲೈ ತಿಂಗಳಿನಲ್ಲಿ 147 ಡಾಲರನ್ನು ಮುಟ್ಟಿತು. ಅನುಭವವಿರುವ ಪೈಲಟ್ಟುಗಳು ಸಾಲದೆ ಅವರ ಸಂಬಳ ಏರಿತು. ಮುಂಬಯಿ, ದೆಹಲಿಗಳಲ್ಲಿ ಇಳಿಯಲು ಜಾಗವಿಲ್ಲದೆ ವಿಮಾನಗಳು ಆಕಾಶದಲ್ಲಿ ಸುತ್ತುತ್ತ ಎಣ್ಣೆ ಸುಟ್ಟುವು. ಅರ್ಧ ಗಂಟೆಯಲ್ಲಿ ತಿರುಗಿ ಹೊರಡಬೇಕಾದ ವಿಮಾನ ಬೆಳಿಗ್ಗೆ ಒಂದು ಗಂಟೆ ತಡವಾದರೆ, ಸಂಜೆಯ ಹೊತ್ತಿಗೆ ಆ ತಡ ಮೂರು ನಾಲ್ಕು ಊರುಗಳ ಜನರನ್ನು ಕಾಯಿಸುತ್ತಿತ್ತು. ಏರ್ ಡೆಕ್ಕನ್ನಿನ ತಡ, ರದ್ದುಗಳ ಬಗೆಗೆ ದೂರುಗಳು ಹೆಚ್ಚಿದುವು.

ಇಲ್ಲಿ ಇನ್ನೊಂದು ಒಳಗಿನ ತೊಡಕನ್ನೂ ಹೇಳಬೇಕು. ಸೌತ್‌ವೆಸ್ಟ್ ಸಂಸ್ಥೆ ಒಂದೇ ಜಾತಿಯ ವಿಮಾನವನ್ನು ನೆಚ್ಚಿಕೊಂಡು ಬೆಳೆಯಿತು. ಆಗ ಯಾವ ಪೈಲಟ್ಟು ಯಾವ ವಿಮಾನವನ್ನಾದರೂ ನಡೆಸಬಹುದು. ಬಿಡಿಭಾಗಗಳ ಉಗ್ರಾಣ ಒಂದೇ ಸಾಕು. ಏರ್ ಡೆಕ್ಕನ್ ಸಣ್ಣ ಊರಿಗೆ ಎಟಿಆರ್, ದೊಡ್ಡ ಊರಿಗೆ ಏರ್‌ಬಸ್ ಎಂದು ಎರಡು ಸಂಸಾರ ಹೂಡಿತು. ಎರಡಕ್ಕೂ ಬೇರೆ ಬೇರೆ ಪೈಲಟ್ಟುಗಳು, ಮೆಕ್ಯಾನಿಕ್ಕುಗಳು, ಸಾಮಾನುಗಳು. ಹುಬ್ಬಳ್ಳಿಯಂಥ ಊರುಗಳಿಗೆ ಹೋಗಬೇಕೆಂಬ ಸಂಕಲ್ಪವೇ ಖರ್ಚನ್ನು ಇಮ್ಮಡಿಸುವ ದಾರಿಯೂ ಆಯಿತು. ಮೆಚ್ಚತಕ್ಕ ಗುಣ ಮತ್ತು ಮುಳುಗಿಸಿದ ಕಾರಣ ಇಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಬಂಡವಾಳಕ್ಕಾಗಿ ಕಂಪನಿ 2006ರ ಮೇ ತಿಂಗಳಲ್ಲಿ ಸಾರ್ವಜನಿಕರ ಮುಂದೆ ಷೇರುಗಳನ್ನಿಟ್ಟಿತು. ಅದೇ ವಾರಗಳಲ್ಲಿ ಷೇರುಪೇಟೆ ಕುಸಿಯಿತು. ಬೆಲೆ ಇಳಿಸಿ, ಅವಧಿ ಮುಂದೂಡಿ ಹೇಗೋ ದಡ ಸೇರಿದರು. ನಷ್ಟ ನೂರಾರು ಕೋಟಿಗೆ ಏರಿತು. 2007ರ ಮೇ ಕೊನೆಯಲ್ಲಿ ವಿಜಯ ಮಲ್ಯರ ಯು.ಬಿ. ಸಮೂಹ ನೂರಕ್ಕೆ 26ರಷ್ಟು ಪಾಲನ್ನು ಸುಮಾರು 550 ಕೋಟಿ ರೂಪಾಯಿಗೆ ಕೊಳ್ಳುವುದೆಂದು ಪ್ರಕಟವಾಯಿತು.

ಮಲ್ಯರಿಗೆ ಆಗಲೇ ತಮ್ಮದೇ ವಿಮಾನ ಸಂಸ್ಥೆ ಇದ್ದಿತು. ಪ್ರಯಾಣಿಕರಿಗೆ ಭರ್ಜರಿ ಉಪಚಾರ ಮಾಡುವ ಕಿಂಗ್‌ಫಿಷರ್, ನೀರಿಗೂ ಕಾಸು ಕೇಳುವ ಡೆಕ್ಕನ್ನನ್ನು ಕೊಂಡದ್ದೇಕೆ ಎಂಬ ಪ್ರಶ್ನೆ ಏಳಬಹುದು. ಒಂದು ಮುಖ್ಯ ಕಾರಣ ಸರ್ಕಾರದ ಒಂದು ನಿಯಮ. ಭಾರತದ ವಿಮಾನ ಸಂಸ್ಥೆ ಹೊರದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, 20 ವಿಮಾನಗಳನ್ನು ಹೊಂದಿರಬೇಕು ಎಂಬ ನಿಯಮ ಆಗ ಇದ್ದಿತು. ಅದನ್ನು 2016ರಲ್ಲಿ ಸಡಿಲಿಸಿದರು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ 2010ರವರೆಗೆ ಕಾಯಬೇಕಿತ್ತು. ಡೆಕ್ಕನ್ನಿಗೆ 2008ರ ಆಗಸ್ಟಿಗೆ ಐದು ತುಂಬುತ್ತಿತ್ತು. ಎರಡೂ ಕೂಡಿದುವು, ಕಾಗದದ ಮೇಲೆ ಕಿಂಗ್‌ಫಿಷರಿನ ವ್ಯಾಪಾರವೇ ಹಳೆಯ ಡೆಕ್ಕನ್ ಕಂಪನಿಯೊಳಗೆ ಬಂದು ಸೇರಿ, ಆ ಕಂಪನಿಯ ಹೆಸರು ಬದಲಾಯಿತು. 2008ರ ಆಗಸ್ಟಿನಲ್ಲಿ ಅಗ್ಗದ ವಿಮಾನಗಳಿಗೆ ಕಿಂಗ್‌ಫಿಷರ್ ರೆಡ್ ಎಂಬ ಹೆಸರಾಯಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಶ್ರೀಸಾಮಾನ್ಯನ ಐದು ವರ್ಷದ ವಯಸ್ಸು ಹೀಗೆ ಬೇರೆಯವರ ವಿದೇಶಯಾನಕ್ಕೆ ರಹದಾರಿಯಾಯಿತು.

ಮುಂದಿನದು ಬೇಗ ಮುಗಿಯುವ ಕಥೆ. ಎಣ್ಣೆಯ ಬೆಲೆ, ಜಗತ್ತಿನ ಹಣಕಾಸಿನ ಕುಸಿತ, ಬೆಟ್ಟದಷ್ಟು ಸಾಲ ಇವು ಒಟ್ಟಿಗೆ ಬಂದುವು. 2011ರ ಸೆಪ್ಟೆಂಬರಿನಲ್ಲಿ ಅಗ್ಗದ ವಿಭಾಗವನ್ನು ನಿಲ್ಲಿಸುವುದಾಗಿ ಕಿಂಗ್‌ಫಿಷರ್ ಸಾರಿತು. 2012ರ ಅಕ್ಟೋಬರಿನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಕೆಲಸ ನಿಲ್ಲಿಸಿದಾಗ, ಅದರ ಹಾರಾಟವೆಲ್ಲ ನಿಂತಿತು, ಮತ್ತೆ ಏಳಲಿಲ್ಲ. ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿ ಉಳಿಯಿತು. ಒಂದು ರೂಪಾಯಿಯ ಚೀಟಿಯ ಉಳಿದ ಹಣವನ್ನು ಯಾರೋ ಕೊಡಬೇಕಾಗಿತ್ತಷ್ಟೆ. ಅದರ ಒಂದು ಭಾಗವನ್ನು ಷೇರುದಾರರು ತೆತ್ತಿದ್ದರು. ಆಮೇಲಿನ ವೈಭವದ ಬಿಲ್ಲು ಸಂಬಳದವರ ಮೇಲೂ ಬ್ಯಾಂಕುಗಳ ಮೇಲೂ ಬಿದ್ದಿತು.

ಇದು ನಮ್ಮ ನಾಡಿನ ದುರದೃಷ್ಟ ಮಾತ್ರವೆಂದು ಭಾವಿಸಬೇಡಿ. ಇಂಗ್ಲೆಂಡಿನಲ್ಲಿ ಫ್ರೆಡ್ಡಿ ಲೇಕರ್ ಎಂಬುವರು 1977ರ ಸೆಪ್ಟೆಂಬರಿನಲ್ಲಿ ‘ಸ್ಕೈಟ್ರೇನ್’, ಅಂದರೆ ಆಕಾಶದ ರೈಲು ಎಂಬ ಹೆಸರಿನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಕರೆದೊಯ್ದರು. ಚೀಟಿಗಾಗಿ ಜನ ಸಾಲುಗಟ್ಟಿ ನಿಂತರು. ಸಾಲ ತಂದು ದೊಡ್ಡ ವಿಮಾನಗಳನ್ನು ಕೊಂಡರು. ದೊಡ್ಡ ಕಂಪನಿಗಳು ದರ ಇಳಿಸಿ ಎದುರು ನಿಂತುವು. 1982ರ ಫೆಬ್ರವರಿಯಲ್ಲಿ ಲೇಕರ್ ಸಂಸ್ಥೆ ಮುಳುಗಿತು. ಅಲ್ಲಿಯೂ ಕಂಪನಿ ಹೋಯಿತು, ಅಗ್ಗದ ಪ್ರಯಾಣದ ಆಸೆ ಮಾತ್ರ ಉಳಿಯಿತು. ಮುಂದೆ ಬೇರೆಯವರು ಅದರಿಂದ ಬದುಕಿದರು.

ನಮ್ಮಲ್ಲಿಯೂ ಹಾಗೆಯೇ. ಒಂದೇ ಜಾತಿಯ ವಿಮಾನ, ಹೊತ್ತಿಗೆ ಸರಿಯಾಗಿ ಹೊರಡುವ ಶಿಸ್ತು ಇವುಗಳಿಂದ ಮೊದಲಾದ ಇಂಡಿಗೋ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾಯಿತು. 2023ರಲ್ಲಿ ದೇಶದೊಳಗೆ ಹಾರಿದವರು 15 ಕೋಟಿ. ಆದರೆ ಸಣ್ಣ ಊರಿನ ಪ್ರಶ್ನೆ ಬಗೆಹರಿಯಿತೆ? ಇದನ್ನು ಬಾಬುರಾಯನಕೊಪ್ಪಲಿನಿಂದಲೇ ನೋಡೋಣ.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಮೈಸೂರಿನ ಆಚೆ, ಮಂಡಕಳ್ಳಿಯ ವಿಮಾನ ನಿಲ್ದಾಣವಿದೆ. 2010ರಲ್ಲಿ ಅದನ್ನು ಹೊಸದಾಗಿ ತೆರೆದರು; ಅಕ್ಟೋಬರಿನಿಂದ ಕಿಂಗ್‌ಫಿಷರಿನ ಎಟಿಆರ್ ವಿಮಾನ ಅಲ್ಲಿಂದ ಬೆಂಗಳೂರಿಗೆ ಹಾರತೊಡಗಿತು. ಡೆಕ್ಕನ್ ಸಣ್ಣ ಊರುಗಳಿಗೆ ಪರಿಚಯ ಮಾಡಿಕೊಟ್ಟ ಅದೇ ಜಾತಿಯ ವಿಮಾನ. 2011ರ ನವೆಂಬರಿನಲ್ಲಿ, ಕಂಪನಿಯ ಕಷ್ಟದ ಕಾರಣದಿಂದ, ಅದು ನಿಂತಿತು. ಕೊಪ್ಪಲಿನವರಿಗೆ ಬೆಂಗಳೂರು ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್. ವಿಮಾನ ಹಿಡಿಯಬೇಕಾದರೆ ಬೆಂಗಳೂರಿಗೆ ಬೆನ್ನು ಮಾಡಿ ಮೊದಲು 30 ಕಿಲೋಮೀಟರ್ ಹೋಗಬೇಕು. ಹಾರಿದ ಮೇಲೆ ದೇವನಹಳ್ಳಿಯಲ್ಲಿ ಇಳಿದು ಮತ್ತೆ ಊರೊಳಕ್ಕೆ 30–35 ಕಿಲೋಮೀಟರ್ ಬರಬೇಕು. ಬೆಂಗಳೂರಿನಿಂದ ಮುಂದೆ ಬೇರೆ ವಿಮಾನ ಹತ್ತುವವರಿಗಲ್ಲದೆ ಉಳಿದವರಿಗೆ ರೈಲೇ ಲೇಸು. ಸಾಹಸ ಎಷ್ಟಿದ್ದರೂ ದೂರ ಕಡಮೆಯಾದ ಮಾರ್ಗದಲ್ಲಿ ಸೀಟು ತುಂಬುವುದು ಕಷ್ಟ.

ಇದನ್ನು ಅರಿತೇ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆಯನ್ನು ಸಾರಿತು. ಸಣ್ಣ ಊರುಗಳ ಹಾರಾಟದಲ್ಲಿ ಕೆಲವು ಸೀಟುಗಳಿಗೆ ದರದ ಮಿತಿ. ಒಂದು ಗಂಟೆಯ ಪ್ರಯಾಣಕ್ಕೆ ಮೊದಲಲ್ಲಿ 2,500 ರೂಪಾಯಿ ಎಂದು ಇಟ್ಟರು. ಕಂಪನಿಗೆ ಬೀಳುವ ಕೊರತೆಯನ್ನು ತುಂಬಿಕೊಡಲು ದೊಡ್ಡ ಮಾರ್ಗಗಳ ಹಾರಾಟದ ಮೇಲೆ ಒಂದು ಸುಂಕ. ಇದರಡಿಯಲ್ಲಿ 2019ರಲ್ಲಿ ಮಂಡಕಳ್ಳಿಯಿಂದ ಬೆಂಗಳೂರಿಗೆ ಮತ್ತೆ ವಿಮಾನ ಹಾರಿತು. ಗೋಪಿನಾಥರ ಏರ್ ಡೆಕ್ಕನ್ ಕೂಡ 2017ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕಡೆ ಪುಟ್ಟ ವಿಮಾನಗಳೊಡನೆ ಮರುಹುಟ್ಟು ಪಡೆಯಿತು. 2020ರಲ್ಲಿ ಕರೋನಾ ಬಂದಾಗ ಅದೂ ನಿಂತಿತು. ಉಡಾನ್ ಯೋಜನೆಯಲ್ಲಿ ಹೊಸ ಪವಾಡವೇನೂ ಇಲ್ಲ. ಚೀಟಿಯ ಉಳಿದ ಭಾಗವನ್ನು ಯಾರು ಕೊಡುತ್ತಾರೆಂಬುದನ್ನು ಮುಂಚಿತವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿರುವುದೇ ಅದರಲ್ಲಿರುವ ಹೊಸತು.

ಏರ್ ಡೆಕ್ಕನ್ನಿನ ಕಥೆಯನ್ನು ಸೋಲೆನ್ನಬೇಕೆ, ಗೆಲುವೆನ್ನಬೇಕೆ? ಪಂಚೆ ಉಟ್ಟವರೂ ವಿಮಾನ ಹತ್ತುತ್ತಾರೆ, ದರ ಕೈಗೆಟುಕಿದರೆ ಸಾಲಾಗಿ ಬರುತ್ತಾರೆ ಎಂಬುದನ್ನು ಅದು ಸಂದೇಹವಿಲ್ಲದಂತೆ ತೋರಿಸಿತು. ಆ ದರ ನಿಲ್ಲುವಂತೆ ಖರ್ಚನ್ನು ಹಿಡಿದಿಡುವುದು ಮಾತ್ರ ಅದರಿಂದ ಆಗಲಿಲ್ಲ. ಮೊದಲನೆಯದಕ್ಕೆ ಎದೆಗಾರಿಕೆ ಬೇಕು, ಎರಡನೆಯದಕ್ಕೆ ದಿನದಿನದ ಜಿಪುಣತನ ಬೇಕು. ಇವೆರಡೂ ಒಂದೇ ಮನೆಯಲ್ಲಿ ಸಿಕ್ಕುವುದು ಅಪರೂಪ.

ಇನ್ನು ಮುಂದೆ ನಂಬಲಾರದಷ್ಟು ಅಗ್ಗದ ಚೀಟಿಯ ಜಾಹೀರಾತನ್ನು ಕಂಡರೆ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅಗತ್ಯವಿದ್ದರೆ ಕೊಳ್ಳಿ, ಹಾರಿ, ದೇಶ ನೋಡಿ. ಜೊತೆಗೆ ಕೊಪ್ಪಲಿನ ಬಸ್ಸಿನ ಕಂಡಕ್ಟರನನ್ನು ಒಮ್ಮೆ ನೆನೆದು, ಪಕ್ಕದ ಸೀಟು ತುಂಬಿದೆಯೇ ಎಂದು ನೋಡಿ. ಅವನು ಸಂಜೆ ಚೀಲ ಬಿಚ್ಚಿ ಎಣಿಸುವ ಲೆಕ್ಕವನ್ನೇ ಆಕಾಶದಲ್ಲಿ ಹೋಗುವವರೂ ಒಂದು ದಿನ ಎಣಿಸಬೇಕಾಗುತ್ತದೆ.